ಕೊಣ್ಣೂರು ಸೇತುವೆಗೆ ಬಿದ್ದ ನಾಲ್ಕು ಸಹಿ

ಕಳೆದ ತಿಂಗಳು ಕೊಣ್ಣೂರಿನಲ್ಲಿ ಬಸ್ಸಿಳಿದಾಗ ಒಂದು ಕಡೆಯಿಂದ ಗಿರಣಿಯ ಬಿಸಿ ಹಿಟ್ಟಿನ ವಾಸನೆ, ಇನ್ನೊಂದು ಕಡೆಯಿಂದ ಮಲಪ್ರಭೆಯ ಹಸಿ ಹೂಳಿನ ವಾಸನೆ ಬಂತು. ಎರಡೂ ಕೂಡಿದ್ದೇ ತಡ, ನನ್ನ ಕಾಲುಗಳು ನಿಂತುಬಿಟ್ಟವು. ಹೊಳೆಯಲ್ಲಿ ದನ ಇಳಿಯುವಷ್ಟೇ ನೀರಿತ್ತು. ಸೇತುವೆಯ ಮೇಲೆ ಲಾರಿಗಳು ಓಡಾಡುತ್ತಿದ್ದವು. ಹೆದರುವಂಥದ್ದೇನೂ ಇರಲಿಲ್ಲ, ಆದರೂ ಮೈ ಹಿಂದಕ್ಕೆ ಎಳೆಯಿತು. ಮೂರು ವರ್ಷದ ಹಿಂದೆ ನಾಗರಪಂಚಮಿಯ ಮುಂಚಿನ ದಿನ ಇದೇ ಜಾಗದಲ್ಲಿ ಹನ್ನೊಂದು ಜನ ಹೊಳೆಯ ಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು. ಅವರಲ್ಲಿ ನಾನೂ ಒಬ್ಬಳು.

ಆ ಮಳೆಗಾಲವನ್ನು ನೆನೆದರೆ ಭಯಕ್ಕಿಂತ ಮುಂಚೆ ಬೆರಗು ಬರುತ್ತದೆ. ನಾನು ರೋಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯಕ್ಕೆ ಅತಿಥಿ ಉಪನ್ಯಾಸಕಿ. ಪದವಿಯಲ್ಲಿ ನನ್ನ ಜೊತೆ ಓದಿದ ಮುತ್ತಣ್ಣ ಗಜೇಂದ್ರಗಡದಲ್ಲಿ, ಗುಡ್ಡದ ಕೆಳಗಿನ ಬೀದಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಎಲ್ಲ ಶುರುವಾದದ್ದು ಅವನ ಸಿಟ್ಟಿನಿಂದ. ಅದರ ಹಿಂದಿನ ವರ್ಷ ಯಾರೋ ಬೇರೆ ಯಾವುದೋ ಹೊಳೆಯ ವಿಡಿಯೊ ಹಾಕಿ, ಕೊಣ್ಣೂರು ಸೇತುವೆ ಮುಳುಗಿತು ಎಂದು ಸುದ್ದಿ ಹಬ್ಬಿಸಿದರು. ರೋಣದ ಒಂದು ಮದುವೆ ದಿಬ್ಬಣ ನರಗುಂದದಿಂದಲೇ ತಿರುಗಿ ಬಂತು. ಮುಂದಿನ ವಾರ ಸೇತುವೆಯ ಮೇಲೆ ನಿಜವಾಗಿಯೂ ನೀರು ಹರಿದಾಗ ಸುದ್ದಿಯನ್ನು ಯಾರೂ ನಂಬಲಿಲ್ಲ. ಹಾಲಿನ ಟೆಂಪೊ ಒಂದು ನಡುನೀರಿನಲ್ಲಿ ಸಿಕ್ಕಿಕೊಂಡು, ಅದರ ಚಾಲಕ ಮಧ್ಯಾಹ್ನದವರೆಗೆ ಟಾಪಿನ ಮೇಲೆ ಕುಳಿತಿದ್ದ.

"ಸುಮಾ, ಒಂದ ಕಡೆ ಬರದಿಟ್ರ ಅದು ಒಬ್ಬನ ಕೈಯಾಗ ಇರ್ತೈತಿ," ಅಂದ ಮುತ್ತಣ್ಣ. "ಐದ್ ಕಡೆ ಬರದಿಟ್ರ ಯಾರ ಕೈಯಾಗೂ ಇರಂಗಿಲ್ಲ. ತಿದ್ದಾಕ ಬರಂಗಿಲ್ಲ, ಅಳಸಾಕ ಬರಂಗಿಲ್ಲ."

ಅವನು ಹೇಳುತ್ತಿದ್ದುದು ಬ್ಲಾಕ್‌ಚೈನ್ ಬಗ್ಗೆ. ಆ ಹೆಸರು ಕೇಳಿದರೆ ನಮ್ಮ ಕಡೆ ಜನ ಮೊಬೈಲಿನಲ್ಲಿ ಹಣ ಮುಳುಗಿಸಿಕೊಂಡವರನ್ನು ನೆನೆಯುತ್ತಾರೆ. ಅದರೊಳಗಿನ ಹೂರಣ ಬೇರೆಯೇ. ಪ್ರತಿ ದಾಖಲೆಯೂ ತನ್ನ ಹಿಂದಿನ ದಾಖಲೆಗೆ ಗಂಟು ಬಿದ್ದಿರುತ್ತದೆ. ನಡುವಿನದೊಂದನ್ನು ಯಾರಾದರೂ ತಿದ್ದಿದರೆ ಮುಂದಿನ ಗಂಟುಗಳೆಲ್ಲ ಬಿಚ್ಚಿಕೊಂಡು ತಿದ್ದಿದ್ದು ಬಯಲಾಗುತ್ತದೆ. ಇಡೀ ಸರಪಳಿಯ ಒಂದೊಂದು ಪ್ರತಿ ಐದು ಊರಿನಲ್ಲಿ ಇರುವುದರಿಂದ ಒಂದೂರಲ್ಲಿ ಕರೆಂಟು ಹೋದರೂ ಉಳಿದ ನಾಲ್ಕು ನಡೆಯುತ್ತವೆ. ಅಂಗೈ ಅಗಲದ ಕಂಪ್ಯೂಟರು, ಹಳೆಯ ಬ್ಯಾಟರಿ, ಒಂದು ಡಬ್ಬಿ: ಇದಿಷ್ಟನ್ನು ನಾವು 'ಕಟ್ಟೆ' ಎಂದು ಕರೆದೆವು. ಊರಿನ ಸುದ್ದಿಯೆಲ್ಲ ಬಂದು ಕೂರುವುದು ಕಟ್ಟೆಯ ಮೇಲೆ ತಾನೆ. ಗಜೇಂದ್ರಗಡ, ರೋಣ, ನರಗುಂದ, ಮುಶಿಗೇರಿ, ಕೊಣ್ಣೂರು, ಹೀಗೆ ಐದು ಕಟ್ಟೆಗಳಾದವು. ಹಳ್ಳ, ಸೇತುವೆ, ರಸ್ತೆ ಯಾವ ಸ್ಥಿತಿಯಲ್ಲಿದೆ ಎಂದು ಒಬ್ಬರು ಫೋಟೊ ಸಮೇತ ಬರೆಯಬೇಕು. ಉಳಿದವರು ಅದನ್ನು ನೋಡಿ 'ನೋಡೇನಿ', ಅಂದರೆ ನೋಡಿದ್ದೇನೆ, ಎಂಬ ಗುಂಡಿಯನ್ನೋ 'ಒಪ್ಪಿಲ್ಲ' ಎಂಬ ಗುಂಡಿಯನ್ನೋ ಒತ್ತಬೇಕು. ಬರೆದವರದೂ ಸೇರಿ ಮೂರು 'ನೋಡೇನಿ' ಬಿದ್ದರೆ ಮಾತು ಖಾತ್ರಿಯಾದಂತೆ.

ಮುತ್ತಣ್ಣ ಬರೆದ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದಂತೆ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟೆವು. ಗಜೇಂದ್ರಗಡದ ಅಂಗಡಿಯೊಂದರಲ್ಲಿ ಬರೆದದ್ದನ್ನು ಓದುವವರು ಯಾರು ಎಂದುಕೊಂಡಿದ್ದೆ. ಹದಿನೈದು ದಿನದಲ್ಲಿ ಯಾರೋ ಬಂದು ಬ್ಯಾಟರಿ ಎರಡು ಪಟ್ಟು ಬಾಳುವಂತೆ ತಿದ್ದಿಕೊಟ್ಟು ಹೋದರು. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಒಂದು ಆಮೆಯ ಚಿತ್ರವಿತ್ತು. ಇನ್ನೊಬ್ಬರು ಕನ್ನಡ ಅಕ್ಷರ ಮುರಿದು ಕಾಣುವುದನ್ನು ಸರಿಪಡಿಸಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. 'ನಮ್ಮೂರಲ್ಲೂ ಹೊಳೆ ಇದೆ, ಅದೂ ಹೇಳದೆ ಬರುತ್ತದೆ' ಎಂದು ಯಾವುದೋ ದೇಶದಿಂದ ಒಬ್ಬರು ಬರೆದಿದ್ದರು. ಪಾಠ ಮುಗಿಸಿ ಬಂದು ಅದನ್ನು ಓದಿದ ಸಂಜೆ ಎಷ್ಟೋ ಹೊತ್ತು ಫೋನನ್ನು ಕೆಳಗಿಡಲು ಮನಸ್ಸು ಬರಲಿಲ್ಲ.

ಭಾನುವಾರದ ಸಭೆ ನರಗುಂದದ ಮಾರುಕಟ್ಟೆಯಲ್ಲಿ, ಚನ್ನಬಸಣ್ಣನವರ ದಲಾಲಿ ಅಂಗಡಿಯಲ್ಲಿ ಸೇರುತ್ತಿತ್ತು. ಕಾಳಿನ ಚೀಲಗಳೇ ಕುರ್ಚಿ, ಗಿರಮಿಟ್ಟು ಮಿರ್ಚಿ ಅವರದೇ ಖರ್ಚು. ಅರವತ್ತು ದಾಟಿದ ಚನ್ನಬಸಣ್ಣನವರ ಹೆಸರು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಗೊತ್ತಿದ್ದುದು ಅವರ ತಿಜೋರಿಯಿಂದ. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆ ಸೋರುತ್ತದೆ, ಇಲಿ ಕಡಿಯುತ್ತದೆ. ಅದಕ್ಕೆ ಹೊಲದ ಕಾಗದ, ಮಕ್ಕಳ ಅಂಕಪಟ್ಟಿ, ಗಟ್ಟಿಯಾದ ಸಂಬಂಧದ ಜಾತಕ ಎಲ್ಲವನ್ನೂ ಕಾಳು ಹಾಕುವ ಅಂಗಡಿಯವರ ತಿಜೋರಿಯಲ್ಲಿ ಇಡುವುದು ವಾಡಿಕೆ. ಚೀಟಿ ಬರೆಸಿಕೊಳ್ಳುವುದಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನಮ್ಮಪ್ಪ ಅಲ್ಲೇ ಇಟ್ಟಿದ್ದರು. ಕಾಲೇಜಿಗೆ ಸೇರುವಾಗ ಅದು ಮಡಿಕೆಯೂ ಆಗದೆ ಹೊರಬಂದಿತ್ತು.

ನಮ್ಮ ಸಹಿ ಹಾಕಲು ಪ್ರತಿಯೊಬ್ಬರಿಗೂ ಹನ್ನೆರಡು ಗುಟ್ಟಿನ ಪದಗಳಿದ್ದವು. ಕುಂಟೆ, ಕೂರಿಗೆ, ಸೆಜ್ಜೆ, ಸೊಲಗಿ ಎಂದು ಮುತ್ತಣ್ಣ ನಮ್ಮ ಮಾತುಗಳನ್ನೇ ಪೋಣಿಸಿದ್ದ. ಆ ಪದಗಳು ಯಾರ ಬಳಿ ಇವೆಯೋ ಸಹಿ ಅವರದು. ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಯಾರೂ ಯೋಚಿಸಲೇ ಇಲ್ಲ.

"ತಿಜೋರಿ ಐತೆಲ್ಲ," ಅಂದರು ಮುಶಿಗೇರಿಯ ಕಟ್ಟೆ ನೋಡಿಕೊಳ್ಳುತ್ತಿದ್ದ ಶಂಕರಗೌಡರು.

ನಾಲ್ಕು ಲಕೋಟೆಗಳು ಒಳಗೆ ಹೋದವು. ನನ್ನದು, ಮುತ್ತಣ್ಣನದು, ಶಂಕರಗೌಡರದು, ನರಗುಂದದ ಕಟ್ಟೆಯ ಚನ್ನಬಸಣ್ಣನವರದು. ಐದನೆಯವಳು ಹಸೀನಕ್ಕ. ಕೊಣ್ಣೂರಿನಲ್ಲಿ ಹೊಳೆಗೆ ಸಮೀಪ ಹಿಟ್ಟಿನ ಗಿರಣಿ ನಡೆಸುವವಳು. ಅಲ್ಲಿನ ಕಟ್ಟೆ ಅವಳ ಗಿರಣಿಯ ಗೋಡೆಯ ಗೂಡಿನಲ್ಲಿ, ಹಿಟ್ಟಿನ ಧೂಳು ಹೊದ್ದುಕೊಂಡು ಕುಳಿತಿತ್ತು.

"ತಿಜೋರಿ ಚಲೋನ ಐತ್ರಿ ಅಣ್ಣಾರ," ಅಂದಳು. "ಆದ್ರ ನಂದು ನನ್ನ ಹಂತ್ಯಾಕ ಇರ್ಲಿ."

"ಯಾಕ ತಂಗೆವ್ವಾ, ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ನನ್ನ ಗಿರಣಿಗೆ ಬರೋ ಹೆಣ್ಣುಮಕ್ಕಳು ಕಾಳು ಕೊಟ್ಟು ಮನಿಗೆ ಹೋಗಂಗಿಲ್ರಿ. ಡಬ್ಬಿ ಹಿಡಕೊಂಡು ಎದುರಿಗೇ ನಿಂತಿರ್ತಾರ. ನನ್ನ ಕಾಳಿಂದ ನನ್ನ ಹಿಟ್ಟು ಬಿತ್ತೋ ಇಲ್ಲೋ ನೋಡಾಕ. ಅವರ್ಯಾರೂ ನನ್ನ ಕಳ್ಳಿ ಅಂತ ತಿಳದಿಲ್ಲ. ಚಾ ಸುದ್ದಾ ತಂದು ಕೊಡ್ತಾರ."

ಎಲ್ಲರೂ ನಕ್ಕೆವು. ಚನ್ನಬಸಣ್ಣನವರು ಸ್ವಲ್ಪ ತಡವಾಗಿ ನಕ್ಕರು. "ಆತು, ನಿನ್ನ ಡಬ್ಬಿ ನೀನ ಹಿಡಕೊಂಡ ನಿಲ್ಲು," ಅಂದರು.

ಜೂನಿನಲ್ಲಿ ಶಂಕರಗೌಡರು ಹೊಲದಿಂದ ಚನ್ನಬಸಣ್ಣನವರಿಗೆ ಫೋನು ಮಾಡಿ, ಬಿತ್ತನೆ ನಡೆದಿದೆ, ನಂದೂ ನೀವೇ ಒತ್ತಿಬಿಡ್ರಿ ಅಂದರಂತೆ. ಲಕೋಟೆ ಒಡೆಯಿತು. ಆಮೇಲೆ ಅದೇ ರೂಢಿಯಾಯಿತು. ಪರೀಕ್ಷೆ ಡ್ಯೂಟಿ ಇದ್ದ ಒಂದು ದಿನ ನಾನೂ "ಅಣ್ಣಾರ, ನಂದೂ ಒತ್ರಿ" ಅಂದೆ. ಅವರು ಅದನ್ನು ಎಷ್ಟು ನಿಷ್ಠೆಯಿಂದ ಮಾಡುತ್ತಿದ್ದರೆಂದರೆ, ಒತ್ತಿದ ಮೇಲೆ "ಒತ್ತೇನ್ರಿ ಮೇಡಮ್ಮಾರ" ಎಂದು ಮರಳಿ ಫೋನು ಮಾಡುತ್ತಿದ್ದರು. ಆಮೆ ಚಿತ್ರದವರು ಒಮ್ಮೆ ಕೇಳಿದ್ದರು: ಐದು ಜನರ ಗುಟ್ಟಿನ ಪದಗಳು ಎಲ್ಲಿವೆ? ಹೆಮ್ಮೆಯಿಂದಲೇ ತಿಳಿಸಿದೆವು. 'ಹಾಗಾದರೆ ನಿಮ್ಮಲ್ಲಿ ಇರುವುದು ಎರಡೇ ಕಟ್ಟೆ' ಎಂದು ಉತ್ತರ ಬಂತು.

"ಚನ್ನಬಸಣ್ಣಾರು ಅಂದ್ರ ಯಾರು ಅಂತ ಆಮಿಗೆ ಏನ್ ಗೊತ್ತು?" ಎಂದು ಮುತ್ತಣ್ಣ ನಗಾಡಿದ್ದ.

ಪಂಚಮಿಯ ಮುಂಚಿನ ದಿನ ನಮ್ಮಲ್ಲಿ ಬಿಸಿಲಿತ್ತು. ನಮ್ಮ ಹೊಳೆಯ ಗುಣವೇ ಹಾಗೆ. ಮಳೆ ಎಲ್ಲೋ ಖಾನಾಪುರದ ಕಾಡಿನಲ್ಲಿ ಬೀಳುತ್ತದೆ, ನೀರು ನಾಲ್ಕು ದಿನದ ಮೇಲೆ ನಮ್ಮ ಬಿಸಿಲಿನಲ್ಲಿ ಬರುತ್ತದೆ. ಹೊಳೆಯಾಚೆ ಕುಳಗೇರಿಯ ಕಡೆ ಆರನೆಯ ಕಟ್ಟೆ ಹಾಕುವುದಿತ್ತು. ಡಬ್ಬಿ ಹಿಡಿದು ನಾನೂ ಮುತ್ತಣ್ಣನೂ ನರಗುಂದದಲ್ಲಿ ಬಾಡಿಗೆ ಓಡಿಸುವ ಪರಸಪ್ಪನ ಕ್ರೂಸರ್ ಜೀಪು ಹತ್ತಿದೆವು. ಒಳಗೆ ಎಂಟು ಹೆಣ್ಣುಮಕ್ಕಳು, ಎಲ್ಲರೂ ಹಬ್ಬಕ್ಕೆ ತವರಿಗೆ ಹೊರಟವರು. ತೊಡೆಯ ಮೇಲೆ ಉಂಡಿಯ ಡಬ್ಬಿಗಳು, ಗಾಡಿ ತುಂಬ ಎಳ್ಳು ಬೆಲ್ಲದ ವಾಸನೆ.

"ಮೇಡಮ್ಮಾರ, ನಿಮ್ಮ ಕಟ್ಟಿ ಏನಂತೈತಿ?" ಅಂದ ಪರಸಪ್ಪ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ದಾಟಬಹುದೋ, ಇಲ್ಲಾ ಇವರ ಉಂಡಿ ನಾವ ತಿಂದು ಹೊಳ್ಳಿ ಬರೋಣೋ?"

"ನಿನ್ನ ಬಾಯಾಗ ಹುಳ ಬೀಳಲಿ," ಅಂದಳು ಹಿಂದಿನ ಸೀಟಿನ ಒಬ್ಬಳು. "ನಮ್ಮಣ್ಣ ಮುಂಜಾನಿಯಿಂದ ರಸ್ತಾಕ್ಕ ನಿಂತಾನ."

ನಾನು ಫೋನು ತೆರೆದೆ. ಕೊಣ್ಣೂರು ಸೇತುವೆ: ದಾಟಬಹುದು. ಕೆಳಗೆ ಸಹಿಗಳು. ನರಗುಂದ, ನೋಡೇನಿ. ಮುಶಿಗೇರಿ, ನೋಡೇನಿ. ಗಜೇಂದ್ರಗಡ, ನೋಡೇನಿ. ರೋಣ, ನೋಡೇನಿ. ಕೊಣ್ಣೂರು, ಒಪ್ಪಿಲ್ಲ.

ರೋಣ ಎಂದರೆ ನಾನು. ನಾನು ಏನನ್ನೂ ನೋಡಿರಲಿಲ್ಲ. ಗಜೇಂದ್ರಗಡ ಎಂದರೆ ನನ್ನ ಪಕ್ಕದಲ್ಲಿ ಕುಳಿತ ಮುತ್ತಣ್ಣ. ಅವನ ಮುಖ ನೋಡಿದೆ.

"ಅಣ್ಣಾರು ಒತ್ಯಾರ," ಅಂದ ಮೆಲ್ಲಗೆ. "ನೋಡೇ ಒತ್ತಿರ್ತಾರ ಬಿಡು."

ಹಸೀನಕ್ಕನಿಗೆ ಫೋನು ಮಾಡಿದೆ. ಹೋಗಲಿಲ್ಲ. ಎರಡನೆಯ ಸಲ ಮಾಡಲಿಲ್ಲ. ಅವಳು ಯಾವಾಗಲೂ ಹೀಗೇ, ಎಲ್ಲದಕ್ಕೂ ಡಬ್ಬಿ ಹಿಡಿದು ನಿಲ್ಲುವವಳು, ಎಂದು ಮನಸ್ಸಿನಲ್ಲಿ ಬಂದದ್ದು ಇವತ್ತಿಗೂ ನೆನಪಿದೆ. ಪರಸಪ್ಪ ಕನ್ನಡಿಯಲ್ಲಿ ಇನ್ನೂ ಕಾಯುತ್ತಿದ್ದ.

"ನಾಕು ಸಹಿ ಬಿದ್ದಾವ," ಅಂದೆ.

"ನಾಕಂದ್ರ ಭಾಳಾತು," ಎಂದು ಅವನು ಗೇರು ಹಾಕಿದ.

ಕೊಣ್ಣೂರು ದಾಟಿ ಇಳಿಜಾರಿನಲ್ಲಿ ಬಂದಾಗ ಹೊಳೆ ಕಂಡಿತು. ಮಾತಾಡುತ್ತಿದ್ದ ಹೆಣ್ಣುಮಕ್ಕಳು ಕಿಟಕಿಯ ಕಡೆ ಬಾಗಿದರು. ಇಷ್ಟು ನೀರನ್ನು ನಾನು ನೋಡಿರಲಿಲ್ಲ. ಹೊಳೆ ಹರಿಯುತ್ತಿರಲಿಲ್ಲ, ಕೆಂಪು ನೆಲವೇ ಎದ್ದು ನಡೆದಂತಿತ್ತು. ಸಪ್ಪಳವೂ ಇರಲಿಲ್ಲ. ಇಡೀ ಜಾಲಿಮರವೊಂದು ಬೇರು ಮೇಲಾಗಿ ಕಂಬಗಳ ನಡುವೆ ನುಸುಳಿ ಹೋಯಿತು. ಆದರೆ ಕಂಬಕ್ಕೆ ನಾವು ಬಳಿದಿದ್ದ ಅಪಾಯದ ಗೆರೆ ಇನ್ನೂ ನೀರಿನ ಮೇಲೇ ಇತ್ತು. ಸೇತುವೆಯ ಹಾಸು ಒಣಗಿತ್ತು. ಪರಸಪ್ಪ ಗಾಡಿಯನ್ನು ಸೇತುವೆಗೆ ಹತ್ತಿಸಿದ.

ಅರ್ಧ ದಾಟಿರಬೇಕು. "ಯಾರೋ ಹೆಣ್ಣಮಗಳು ಹಿಂದ ಓಡಿ ಬರಾಕತ್ತಾಳ್ರಿ," ಅಂದಳು ಹಿಂದಿನವಳು.

"ಜಾಗಾ ಎಲ್ಲೈತಿ? ಟಾಪ್ ಮ್ಯಾಲ ಕುಂದ್ರಸಲೇನು?" ಎಂದು ಗೊಣಗುತ್ತ ಪರಸಪ್ಪ ವೇಗ ತಗ್ಗಿಸಿದ. ತವರಿಗೆ ಹೊರಟವಳೊಬ್ಬಳು ಗಾಡಿ ತಪ್ಪಿಸಿಕೊಂಡಳು ಎಂದು ಅವನ ಎಣಿಕೆ. ಆ ಎಣಿಕೆಯಿಂದಲೇ ನಾವು ಉಳಿದೆವು. ತಲೆತುಂಬ ಹಿಟ್ಟು, ಕಾಲಲ್ಲಿ ಚಪ್ಪಲಿ ಇಲ್ಲ, ಹಸೀನಕ್ಕ ಗಾಡಿಯನ್ನು ದಾಟಿ ಮುಂದೆ ಬಂದು ಎರಡೂ ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟಳು. ಉಸಿರು ಸಿಗದೆ ಬಾಗಿದ್ದಳು.

"ಹಿಂದಕ್ಕ ತಗೋ."

"ಏನಾತಬೇ ಅಕ್ಕಾ?"

"ಆ ದಂಡಿಗೆ ರಸ್ತಾ ಹೊಂಟೈತಿ. ಕೆಳಗಿನ ಮಣ್ಣು ತಿನ್ನಾಕತ್ತೈತಿ ನೀರು. ಹಿಂದಕ್ಕ ತಗೋ ಅಂದ್ನೆಲ್ಲೋ!"

"ನಾಕು ಸಹಿ ಬಿದ್ದಾವಂತ!" ಅಂದ ಪರಸಪ್ಪ, ನನ್ನ ಕಡೆ ಕೈ ಮಾಡಿ.

ಆಗ ಅವಳು ತಲೆ ಎತ್ತಿ ಗಾಜಿನ ಮೂಲಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಎಂಬಂತೆ ಕೇಳಿದಳು.

"ನಿಮ್ಮದೂ ಐತ್ರಿ ಅದರಾಗ, ಮೇಡಮ್ಮಾರ. ನೀವು ಯಾವಾಗ ನೋಡಿದ್ರಿ?"

ಪರಸಪ್ಪ ಹಿಂದಕ್ಕೆ ತೆಗೆಯತೊಡಗಿದ. ಹೆಣ್ಣುಮಕ್ಕಳು ಹಿಂದಿನ ಗಾಜಿನಲ್ಲಿ ನೋಡುತ್ತ "ಎಡಕ್ಕ, ಎಡಕ್ಕ, ಸೀದಾ" ಎನ್ನುತ್ತಿದ್ದರು. ಹಸೀನಕ್ಕ ಬಾನೆಟ್ಟಿನ ಮುಂದೆಯೇ, ಕೈ ತೆಗೆಯದೆ, ಹೆಜ್ಜೆ ಹಾಕುತ್ತ ಬಂದಳು. ಈಚೆಯ ದಂಡೆಗೆ ಹಿಂಗಾಲಿ ತಾಗುವ ಹೊತ್ತಿಗೆ ಅವಳ ಹೆಗಲ ಮೇಲಿಂದ ನನಗೆ ಆಚೆಯ ತುದಿ ಕಂಡಿತು. ಸೇತುವೆ ಮುಗಿದು ರಸ್ತೆ ಶುರುವಾಗುವಲ್ಲಿ ಡಾಂಬರು ಒಮ್ಮೆ ಸ್ವಲ್ಪ ಬಾಗಿತು, ಹಾಸಿಗೆಯ ಅಂಚಿನಲ್ಲಿ ಯಾರೋ ಕುಳಿತಂತೆ. ಆಮೇಲೆ ಇಲ್ಲವಾಯಿತು. ಮೈಲುಗಲ್ಲು, ಬೇಲಿ, ಒಂದು ಸಣ್ಣ ಹುಣಸೆಮರ, ಎಲ್ಲ ಸಾವಕಾಶ, ಅವಸರವಿಲ್ಲದೆ ಕೆಳಗಿಳಿದವು. ನಾವು ಇರಬೇಕಾಗಿದ್ದ ಜಾಗದಲ್ಲಿ ಕೆಂಪು ನೀರು ತಿರುಗುತ್ತಿತ್ತು.

ಅಣ್ಣ ಕಾಯುತ್ತಿದ್ದಾನೆ ಎಂದಿದ್ದವಳು ಗಾಡಿಯಿಂದಿಳಿದು, ಡಬ್ಬಿ ತೆರೆದು, ಒಂದು ಉಂಡಿಯನ್ನು ಹಸೀನಕ್ಕನ ಬಾಯಿಗೆ ಇಟ್ಟಳು. ಹಸೀನಕ್ಕ ಅದನ್ನು ಅಗಿಯುತ್ತಲೇ ಅತ್ತಳು.

ಅವಳು ಕಂಡದ್ದು ಹೀಗೆ. ನಮ್ಮ ಹೊಳೆಯ ನೆರೆ ಕೆಂಪು, ನಮ್ಮ ಎರೆಮಣ್ಣು ಕಪ್ಪು. ಬೆಳಗ್ಗೆ ಗೆರೆಯ ಫೋಟೊ ಹಾಕಿ ಗಿರಣಿಗೆ ಬಂದವಳು, ಸಮಾಧಾನವಾಗದೆ ಮತ್ತೆ ದಂಡೆಗೆ ಹೋದಳು. ಆಚೆಯ ತುದಿಯಿಂದ ಕೆಂಪು ನೀರಿನಲ್ಲಿ ಒಂದು ಕಪ್ಪು ದಾರ ಬಿಚ್ಚಿಕೊಂಡು ಬರುತ್ತಿತ್ತು. ರಸ್ತೆಗೆ ತುಂಬಿದ ಮಣ್ಣು ಕರಗುತ್ತಿತ್ತು. 'ಒಪ್ಪಿಲ್ಲ' ಒತ್ತಿದಳು. ಕಾರಣ ಬರೆಯುವಷ್ಟರಲ್ಲಿ ಟವರು ಹೋಯಿತು. ಒಂದು ಲಾರಿಯನ್ನು ತಾನೇ ತಡೆದು ನಿಲ್ಲಿಸಿದ್ದಳು. ದಾರ ದಪ್ಪವಾಯಿತೇ ನೋಡಲು ಮತ್ತೆ ದಂಡೆಗೆ ಇಳಿದ ಗಳಿಗೆಯಲ್ಲಿ ನಾವು ಬಂದಿದ್ದೆವು.

ಚನ್ನಬಸಣ್ಣನವರು ಸಂಜೆ ಬೈಕಿನಲ್ಲಿ ಗಿರಣಿಗೆ ಬಂದರು. ಅವರು ಬೆಳಗಿನ ಫೋಟೊ ನೋಡಿದ್ದರು. ಅಂಗಡಿಯ ಮುಂದೆ ಹೆಣ್ಣುಮಕ್ಕಳು ಗಂಟು ಹಿಡಿದು ನಿಂತಿದ್ದರು. ಹಬ್ಬಕ್ಕೆ ಹೊರಟವರನ್ನು ಬಿಸಿಲಲ್ಲಿ ಯಾಕೆ ಕಾಯಿಸುವುದು ಎಂದು, 'ದಾಟಬಹುದು' ಎಂದು ಬರೆದು ನಾಲ್ಕೂ ಲಕೋಟೆಯ ಸಹಿ ಹಾಕಿದ್ದರು. ಈಗ ನನ್ನ, ಮುತ್ತಣ್ಣನ ಲಕೋಟೆಗಳನ್ನು ನಮ್ಮ ಕೈಗೇ ಕೊಟ್ಟರು. ಮುತ್ತಣ್ಣ ತಲೆ ತಗ್ಗಿಸಿ, "ಅಣ್ಣಾರ, ಆ ದಾಖಲೆ ಅಳಸಾಕ ಬರಂಗಿಲ್ರಿ. ಅದರ ಮುಂದ ಇನ್ನೊಂದು ಬರೀಬಹುದು, ಅಷ್ಟ," ಅಂದ.

"ಅಳಸು ಅಂತ ಯಾರು ಕೇಳ್ಯಾರ ನಿನ್ನ?" ಅಂದರು ಅವರು. ಗಿರಣಿಯ ಬಾಗಿಲಲ್ಲಿ ನೆರೆದ ಊರವರ ಮುಂದೆ ರುಮಾಲು ತೆಗೆದು, "ನಾಕು ಮಂದಿ ಹೆಸರಿನ್ಯಾಗ ನಾ ಒಬ್ಬನ ಹೇಳಿದ್ದೆ. ಬರಕೊಳ್ರಿ," ಅಂದರು. ಆ ಮನುಷ್ಯ ಮಾರುಕಟ್ಟೆಯಲ್ಲಿ ಯಾರ ಮುಂದೆಯೂ ರುಮಾಲು ತೆಗೆದದ್ದನ್ನು ನಾನು ಕಂಡಿರಲಿಲ್ಲ.

ಆ ವಾರವೇ ನಿಯಮ ಬದಲಾಯಿತು. ಹೊಳೆಯ ಮುಂದೆ ನಿಂತವರು ಒಪ್ಪಿಲ್ಲ ಎಂದರೆ ಉಳಿದ ಎಷ್ಟು ಸಹಿ ಬಿದ್ದರೂ ನಡೆಯದು. ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದು ಹೊಸ ಕೋಡನ್ನು ಬಿಚ್ಚಿಟ್ಟೆವು. ಆಮೆ ಚಿತ್ರದವರು 'ನಾನು ಹೇಳಿದ್ದೆನಲ್ಲ' ಎನ್ನಲಿಲ್ಲ; ಎರಡು ದಿನ ಕೂತು ಅದನ್ನು ಪರೀಕ್ಷಿಸಿ ಕೊಟ್ಟರು. ಈಗ ಎಲ್ಲೆಲ್ಲಿಯೋ, ನಾನು ಭೂಪಟದಲ್ಲಿ ಹುಡುಕಬೇಕಾದ ಹೊಳೆಗಳ ದಂಡೆಯಲ್ಲಿ, ಆ ನಿಯಮ ನಡೆಯುತ್ತಿದೆ. ಕೋಡಿನಲ್ಲಿ ಅದರ ಹೆಸರು 'ಹಸೀನಾ'. "ನನ್ನ ಹೆಸರು ಯಾಕ್ರಿ, ಗಿರಣಿ ಹೆಸರು ಇಟ್ಟಿದ್ರ ಗಿರಾಕಿಯಾದ್ರೂ ಬರ್ತಿದ್ರು," ಎಂದು ಅವಳ ತಕರಾರು.

ಒಂದು ಮಾತು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಚನ್ನಬಸಣ್ಣನವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಬ್ಬ ಮುಗಿದ ಮೇಲೆ, ಹೊಸ ಹನ್ನೆರಡು ಪದಗಳಿಂದ, ನಾನೇ ಒಂದು ದಾಖಲೆ ಬರೆದೆ: 'ಆ ದಿನ ರೋಣದ ಸಹಿ ನನ್ನದಲ್ಲ ಎಂದು ಗಾಡಿಯಲ್ಲಿ ಕುಳಿತ ನನಗೆ ತಿಳಿದಿತ್ತು. ಚಾಲಕ ಕೇಳಿದಾಗ ನಾನು ಅದನ್ನು ಹೇಳಲಿಲ್ಲ.' ಮುತ್ತಣ್ಣ ಗಾಡಿಯಲ್ಲಿ ನನ್ನ ಪಕ್ಕದಲ್ಲೇ ಇದ್ದವನು. ಅವನು ಒತ್ತಿದ. ಮೂರನೆಯದು ಬೀಳಲಿಲ್ಲ. ಚನ್ನಬಸಣ್ಣನವರು ಫೋನು ಮಾಡಿ, "ಮೇಡಮ್ಮಾರ, ನಾ ಗಾಡ್ಯಾಗ ಇರಲಿಲ್ಲ. ನೋಡದ್ದಕ್ಕ ನೋಡೇನಿ ಅಂತ ಇನ್ನೊಮ್ಮೆ ಒತ್ತಂಗಿಲ್ರಿ," ಅಂದರು. ಶಂಕರಗೌಡರದೂ ಅದೇ ಮಾತು. ಹಸೀನಕ್ಕನೂ ಒತ್ತಲಿಲ್ಲ. ನೀವು ಸುಮ್ಮನಿದ್ದದ್ದನ್ನು ನಾನು ಕಾಣಲಿಲ್ಲ ಅಂದಳು. ಮೂವರೂ ಹೇಳಿದ್ದು ಸರಿಯಾಗಿಯೇ ಇತ್ತು. ಮೂರು ವರ್ಷ ಆ ಮಾತು ಎರಡು ಸಹಿಯಲ್ಲಿ ನಿಂತಿತ್ತು.

ಕಳೆದ ತಿಂಗಳು ನಾನು ಕೊಣ್ಣೂರಿನಲ್ಲಿ ಇಳಿದದ್ದು ಹೊಸ ಕಟ್ಟೆಯೊಂದಕ್ಕೆ ಪದ ಕೊಡಲು. ಕ್ರೂಸರ್ ಚಾಲಕರೆಲ್ಲ ಸೇರಿ ತಮ್ಮದೊಂದು ಕಟ್ಟೆ ಬೇಕೆಂದಿದ್ದರು, ಅದನ್ನು ನೋಡಿಕೊಳ್ಳಲು ಪರಸಪ್ಪ ಮುಂದೆ ಬಂದಿದ್ದ. ಗಿರಣಿಯಲ್ಲಿ ಕುಳಿತು ಅವನಿಗೆ ಹನ್ನೆರಡು ಪದ ಬರೆದುಕೊಟ್ಟೆ. ಯಾರಿಗೂ ಕೊಡಬೇಡ ಅಂದೆ. "ಹೇಂತಿಗೂ?" ಅಂದ. "ಹೇಂತಿಗೂ." ಅವನು ಫೋನು ತೆರೆದ. ಮೂರನೆಯ ಸಹಿಗೆ ಬಾಕಿ ಉಳಿದ ನನ್ನ ದಾಖಲೆ ಪರದೆಯ ಮೇಲೆ ಮೊದಲು ಬಂತು. ತುಟಿ ಅಲುಗಿಸುತ್ತ ಓದಿದ. ಮತ್ತೊಮ್ಮೆ ಓದಿದ.

"ಖರೇನ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು ಪರಸಪ್ಪ."

"ನಾ ಕನ್ನಡ್ಯಾಗ ನಿಮ್ಮ ಮಾರಿನ ನೋಡಾಕತ್ತಿದ್ದೆ," ಅಂದ. "ನೀವು ಒಂದ ಗಳಿಗಿ ತಡದ್ರಿ. ಆಮ್ಯಾಲ ಹೇಳಿದ್ರಿ."

ಆಮೇಲೆ ಅವನು ಅಂಗಿಗೆ ಹೆಬ್ಬೆರಳನ್ನು ಒರೆಸಿಕೊಂಡು, 'ನೋಡೇನಿ' ಒತ್ತಿದ.